ಕಪ್ಪು ಮಿಷನ್, ಬಿಳಿ ಮಿಷನ್

1
ಹೊಲಿಗೆ ಮಿಷನ್ ಅಂಗಡಿಯಲ್ಲಿ ಕಪ್ಪು ಮಿಷನ್‌ಗಳು ಬಾಗಿಲ ಬಳಿ ನೆಲದ ಮೇಲಿರುತ್ತವೆ. ಬಿಳಿಯವು ಒಳಗೆ, ಗಾಜಿನ ಕಪಾಟಿನಲ್ಲಿ. ಬಿಳಿಯದಕ್ಕೆ ಬೆಲೆಯ ಚೀಟಿ ಅಂಟಿಸಿರುತ್ತಾರೆ. ಕಪ್ಪಿನ ಬೆಲೆ ಕೇಳಿ ತಿಳಿಯಬೇಕು.

2
ಕಪ್ಪು ಮಿಷನ್ನಿನ ತಲೆ ಎರಕದ ಕಬ್ಬಿಣ. ಹತ್ತು ಹನ್ನೆರಡು ಕೆಜಿ ತೂಗುತ್ತದೆ. ಹಾಕುವುದು ಒಂದೇ ಹೊಲಿಗೆ, ನೇರ. ಕೈಯಲ್ಲಿ ತಿರುಗಿಸುವಂಥದ್ದು ಐದಾರು ಸಾವಿರಕ್ಕೆ ಸಿಗುತ್ತದೆ. ಸ್ಟ್ಯಾಂಡು, ಪೆಡಲು ಬೇಕೆಂದರೆ ಮೇಲೆ ಇನ್ನೆರಡು ಸಾವಿರ. ಬಿಳಿಯದು ಅದರ ಅರ್ಧ ತೂಕ. ಮೋಟಾರು ಒಳಗೇ ಇದೆ. ಝಿಗ್‌ಜಾಗ್ ಹೊಲಿಯುತ್ತದೆ, ಕಾಜಾ ಹಾಕುತ್ತದೆ. ಹತ್ತು ಸಾವಿರದ ಆಸುಪಾಸಿನಿಂದ ಶುರು.

3
ಒಬ್ಬ ತಾಯಿ, ಕಾಲೇಜಿಗೆ ಹೋಗುವ ಮಗಳು. ಅಂಗಡಿಯವರು ಬೆಲೆ ಹೇಳುವ ಮೊದಲೇ ಕೇಳಿದರು: "ಏನೇನ್ ಹೊಲೀತೀರಮ್ಮ?"

"ರವಿಕೆ, ಲಂಗ. ಸೀರೆಗೆ ಫಾಲು."

"ಅಮ್ಮ, ಎಂಬ್ರಾಯ್ಡರಿ ಬರೋದೇ ತಗೊಳ್ಳೋಣ."

"ಎಂಬ್ರಾಯ್ಡರಿ ಮನೇಲಿ ಯಾರು ಮಾಡ್ತೀರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯ ಕಾರ್ಡು ಇಸಿದುಕೊಂಡು ಹೊರಟರು.

4
ಬಿಳಿ ಮಿಷನ್ನಿನ ಡಬ್ಬದ ಮೇಲೆ ಅದು ಎಷ್ಟು ಬಗೆಯ ಹೊಲಿಗೆ ಹಾಕುತ್ತದೆ ಎಂಬ ಸಂಖ್ಯೆ ದೊಡ್ಡದಾಗಿ ಅಚ್ಚಾಗಿರುತ್ತದೆ. ನಾನು ಹೋದ ಮನೆಗಳಲ್ಲಿ ಹೊಲಿಗೆ ಆರಿಸುವ ಗುಂಡಿ ನೇರ ಹೊಲಿಗೆಯ ಗೆರೆಯಲ್ಲೇ ನಿಂತಿರುತ್ತದೆ. ಝಿಗ್‌ಜಾಗ್ ಇರುವ ಮನೆಯವರೂ ಸೀರೆಯ ಪಿಕೋಗೆ ಅಂಗಡಿಗೇ ಕೊಡುತ್ತಾರೆ.

5
ಮೆರಿಟ್ ಬೇರೆ ಕಂಪನಿ, ಸಿಂಗರ್ ಬೇರೆ ಕಂಪನಿ ಎಂದುಕೊಂಡು ಎರಡನ್ನೂ ಹೋಲಿಸಿ ನೋಡುವವರಿದ್ದಾರೆ. 1851ರಲ್ಲಿ ಅಮೆರಿಕದಲ್ಲಿ ಹೊಲಿಗೆ ಮಿಷನ್ನಿಗೆ ಪೇಟೆಂಟ್ ಪಡೆದವನ ಪೂರ್ತಿ ಹೆಸರು ಐಸಾಕ್ ಮೆರಿಟ್ ಸಿಂಗರ್.

6
ಪಂಜಾಬಿನ ಲುಧಿಯಾನ ಕಪ್ಪು ಮಿಷನ್‌ಗಳ, ಅವುಗಳ ಬಿಡಿಭಾಗಗಳ ಊರು. ಅಲ್ಲಿಂದ ಬಂದ ಬಾಬಿನ್ ಕೇಸು ಅಜ್ಜಿಯ ಕಾಲದ ಮಿಷನ್ನಿಗೂ ಕೂರುತ್ತದೆ, ಹೋದ ವಾರ ಕೊಂಡದ್ದಕ್ಕೂ ಕೂರುತ್ತದೆ. ಮೇಲೆ ಬರೆದ ಹೆಸರು ಯಾವುದಾದರೂ ಇರಲಿ.

7
ಕೈಸೂಜಿಯ ಕಣ್ಣು ಹಿಂಬದಿಯಲ್ಲಿ. ಮಿಷನ್ ಸೂಜಿಯ ಕಣ್ಣು ಮೊನೆಯಲ್ಲಿ. 1846ರಲ್ಲಿ ಎಲಿಯಾಸ್ ಹೋವ್ ಪಡೆದ ಪೇಟೆಂಟಿನಲ್ಲಿ ಈ ಸೂಜಿ ಇದೆ. ಮೇಲಿನ ದಾರವನ್ನು ಸೂಜಿ ಕೆಳಗಿಳಿಸುತ್ತದೆ, ಕೆಳಗಿನ ದಾರ ಅದರ ಕುಣಿಕೆಯೊಳಗೆ ಹಾದುಹೋಗುತ್ತದೆ. ಎರಡೂ ಸೇರಿ ಬಟ್ಟೆಯ ನಡುವೆ ಬಿಗಿಯುತ್ತವೆ. ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಯಲ್ಲಿರುವ ಮಿಷನ್ನೂ ಇಂದಿಗೂ ಮಾಡುವುದು ಇದನ್ನೇ.

8
ಮುಷ್ಟಿಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಮಿಷನ್ ಕೆಲವೇ ನೂರು ರೂಪಾಯಿ. ಅದರಲ್ಲಿ ಕೆಳಗಿನ ದಾರವೇ ಇಲ್ಲ. ಒಂದೇ ದಾರ ತನ್ನೊಳಗೇ ಕುಣಿಕೆ ಹಾಕಿಕೊಂಡು ಹೋಗುತ್ತದೆ. ಕೊನೆಗೆ ಗಂಟು ಹಾಕದೆ ಬಿಟ್ಟ ತುದಿಯನ್ನು ಎಳೆದರೆ ಹೊಲಿದದ್ದೆಲ್ಲ ಒಂದೇ ಉಸಿರಿಗೆ ಬಿಚ್ಚಿಬರುತ್ತದೆ. ಅಂಗಡಿಯಲ್ಲಿ ತೋರಿಸುವಾಗ ಹೊಲಿದು ತೋರಿಸುತ್ತಾರೆ, ಎಳೆದು ತೋರಿಸುವುದಿಲ್ಲ.

9
ಬಟ್ಟೆಯ ಕೆಳಬದಿಯಲ್ಲಿ ದಾರ ಗೋಜಲಾದರೆ ಎಲ್ಲರೂ ಬಾಬಿನ್ ತೆಗೆದು ನೋಡುತ್ತಾರೆ. ಹೆಚ್ಚಿನ ಸಲ ಸಡಿಲವಾಗಿರುವುದು ಮೇಲಿನ ದಾರ.

10
ರಿಪೇರಿಯವರ ಚೀಲ: ಮೂರು ಅಳತೆಯ ಸ್ಕ್ರೂಡ್ರೈವರ್, ಎಣ್ಣೆಯ ಪುಟ್ಟ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಾಬಿನ್ ಕೇಸುಗಳು, ಸೂಜಿಯ ಪ್ಯಾಕೆಟ್ಟು, ಚರ್ಮದ ಬೆಲ್ಟಿನ ಸುರುಳಿ. ಯಾವ ಮನೆಗೆ ಹೋದರೂ ಅವರು ಮೊದಲು ಕೇಳುವುದು ಒಂದೇ: "ಸೂಜಿ ಯಾವಾಗ ಬದಲಾಯಿಸಿದ್ರಿ?" ಬಹಳಷ್ಟು ಮನೆಗಳಲ್ಲಿ ಮಿಷನ್ ಜೊತೆ ಬಂದ ಸೂಜಿಯೇ ಇನ್ನೂ ಇರುತ್ತದೆ. ಹೊಸ ಸೂಜಿ ಹಾಕಿ, ಬಟ್ಟೆಯನ್ನು ಮುಂದೂಡುವ ಹಲ್ಲಿನ ಸಂದಿಯಲ್ಲಿ ಕೂತ ನೂಲಿನ ಹಿಂಜನ್ನು ಬ್ರಷ್ಷಿನಿಂದ ತೆಗೆದು, ಎಣ್ಣೆ ಬಿಟ್ಟು, ನಾಲ್ಕು ಗೇಣು ಹೊಲಿದು ನೋಡುತ್ತಾರೆ. ಅಲ್ಲಿಗೆ ರಿಪೇರಿ ಮುಗಿಯುವುದೂ ಉಂಟು.

ಒಂದು ಮನೆಯಲ್ಲಿ ಬಿಳಿ ಮಿಷನ್ ಬಿಚ್ಚಿದಾಗ ಒಳಗೊಂದು ನೈಲಾನ್ ಗೇರು ಹಲ್ಲು ಮುರಿದು ಕೂತಿತ್ತು. "ಇದು ಕಂಪನಿಯಿಂದಲೇ ಬರಬೇಕು ಅಕ್ಕ," ಎಂದು ಮತ್ತೆ ಮುಚ್ಚಿದರು. ಆ ಮನೆಯಾಕೆ ಹಬ್ಬದ ರವಿಕೆಯನ್ನು ಪಕ್ಕದ ಮನೆಯ ಕಪ್ಪು ಮಿಷನ್ನಿನಲ್ಲಿ ಹೊಲಿದುಕೊಂಡರು.

11
ಸೂಜಿಯ ಪ್ಯಾಕೆಟ್ಟಿನ ಮೇಲೆ ಎರಡು ಸಂಖ್ಯೆ: 11/75, 14/90, 16/100. ಎರಡನೆಯದು ಮಿಲಿಮೀಟರಿನ ನೂರನೇ ಭಾಗದಲ್ಲಿ ಸೂಜಿಯ ದಪ್ಪ. ತೆಳು ವಾಯಿಲ್‌ಗೆ 11, ರವಿಕೆಯ ಹತ್ತಿ ಬಟ್ಟೆಗೆ 14, ಜೀನ್ಸಿಗೆ 16. ಸೂಜಿ ತರಲು ಬಂದವರಲ್ಲಿ ಹೆಚ್ಚಿನವರು ಸಂಖ್ಯೆ ಹೇಳುವುದಿಲ್ಲ, "ಮಿಷನ್ ಸೂಜಿ" ಎನ್ನುತ್ತಾರೆ. ಅಂಗಡಿಯವರೂ ಕೇಳದೆ 14 ಕೊಡುತ್ತಾರೆ.

12
ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದಿನವೆಲ್ಲ ಪವರ್ ಮಿಷನ್ ಓಡಿಸುವ ಹೆಂಗಸೊಬ್ಬರು ಮನೆಗೊಂದು ಮಿಷನ್ ನೋಡಲು ಅಂಗಡಿಗೆ ಬಂದಿದ್ದರು. ಫ್ಯಾಕ್ಟರಿಯ ಮಿಷನ್ನು ನಿಮಿಷಕ್ಕೆ ಐದು ಸಾವಿರ ಹೊಲಿಗೆಯವರೆಗೆ ಹಾಕಬಲ್ಲದು. ಮನೆಯದು ಸಾವಿರದೊಳಗೆ. ಸೆಕೆಂಡ್ ಹ್ಯಾಂಡ್ ಪವರ್ ಮಿಷನ್ ಬಿಳಿಯದರ ಬೆಲೆಗೇ ಸಿಗುತ್ತದೆ ಎಂದು ಅಂಗಡಿಯವರು ತೋರಿಸಿದರು. ಅದಕ್ಕೆ ನಾಲ್ಕಡಿ ಟೇಬಲ್ಲು ಬೇಕು. ಅಡಿಯಲ್ಲಿ ಎಣ್ಣೆಯ ತಟ್ಟೆ ಇರುತ್ತದೆ, ಮಿಷನ್ ಸರಿಸಿದರೆ ಎಣ್ಣೆ ತುಳುಕುತ್ತದೆ. ಹೆಂಗಸು ಕಪ್ಪು ಮಿಷನ್ನಿನ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿದರು. ಇನ್ನೊಂದು ಸುತ್ತು ತಿರುಗಿಸಿದರು. "ಮನೇಲೂ ಆ ಸದ್ದು ಬೇಡಪ್ಪ," ಎಂದು ಕಪ್ಪನ್ನೇ ಕೊಂಡರು.

13
ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟದ್ದು 1921ರಲ್ಲಿ, ಮಧುರೆಯಲ್ಲಿ. ಯಂತ್ರಗಳನ್ನು ವಿರೋಧಿಸುವ ಮಾತು ಬಂದಾಗ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟದ್ದು 1924ರಲ್ಲಿ.

14
ಹಳೆಯ ಸಿಂಗರ್‌ಗಳ ಮೈಮೇಲೆ ಚಿನ್ನದ ಬಣ್ಣದ ಸ್ಫಿಂಕ್ಸ್ ಇರುತ್ತದೆ. ಈಜಿಪ್ಟಿನ ಪ್ರತಿಮೆಯ ಚಿತ್ರವನ್ನು ಹೊತ್ತ ಅಮೆರಿಕದ ಕಂಪನಿಯ ಮಿಷನ್ನು. ಅಂಥವು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲೂ ತಯಾರಾದವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಮಿಷನ್‌ಗಳು ಓಡುತ್ತಿವೆ.

15
2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಮಿಷನ್‌ಗಳ ಬೆಲೆ ಏಕಾಏಕಿ ಲಕ್ಷಗಳಿಗೆ ಏರಿತು. ಸೂಜಿಯಲ್ಲಿ ಕೆಂಪು ಪಾದರಸವೆಂಬ ದುಬಾರಿ ವಸ್ತುವಿದೆ ಎಂಬ ವದಂತಿ. ಜನ ಸೂಜಿಯ ಬಳಿ ಮೊಬೈಲ್ ಹಿಡಿದು ಪರೀಕ್ಷಿಸಿದರು. ಸೂಜಿ ಬದಲಾಯಿಸಬಹುದಾದ ಭಾಗ.

16
ಕಲಿಯುವವರು ಮೊದಲು ದಾರವಿಲ್ಲದೆ ಕಾಗದದ ಮೇಲೆ ಓಡಿಸುತ್ತಾರೆ. ತೂತುಗಳ ಸಾಲು ಗೆರೆಯ ಮೇಲೆ ಬಂದರೆ ಪಾಸು. ಕಾಲು ಒಂದು ಕ್ಷಣ ತಡವರಿಸಿದರೆ ಚಕ್ರ ಹಿಂದಕ್ಕೆ ಸುತ್ತುತ್ತದೆ. ದಾರ ಹಾಕಿದ್ದರೆ ಅಲ್ಲಿಗೆ ತುಂಡು.

17
ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಕೂಡಿಟ್ಟು ಮಿಷನ್ ಕೊಂಡ ಹೆಂಗಸರ ಫೋಟೊಗಳು ಪತ್ರಿಕೆಯಲ್ಲಿ ಬಂದಿವೆ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗಿನ ವೋಚರು. ಕೆಲವು ಮನೆಗಳಲ್ಲಿ ಹೀಗೆ ಬಂದ ಮಿಷನ್ನಿನ ಮೇಲೆ ಮಡಿಸಿದ ಬಟ್ಟೆಗಳ ರಾಶಿ ಇರುತ್ತದೆ. ಕೆಲವು ಮನೆಗಳಲ್ಲಿ ಬೀದಿಯ ಅರ್ಧದಷ್ಟು ರವಿಕೆಗಳು ಅದರ ಮುಂದೆ ಸರದಿಯಲ್ಲಿರುತ್ತವೆ.

18
ಮೋಟಾರು ಬೇರೆಯಾಗಿಯೂ ಸಿಗುತ್ತದೆ. ಕಪ್ಪು ಮಿಷನ್ನಿನ ಬೆನ್ನಿಗೆ ಒಂದು ಸ್ಕ್ರೂ ಬಿಗಿದು ಕೂರಿಸುತ್ತಾರೆ. ಕರೆಂಟು ಹೋದರೆ ಬೆಲ್ಟು ಬದಲಿಸಿ ಮತ್ತೆ ಕಾಲಲ್ಲಿ ತುಳಿಯಬಹುದು. ಬಿಳಿ ಮಿಷನ್ನಿಗೆ ಕರೆಂಟು ಬರುವವರೆಗೂ ಬಿಡುವು.

19
ಆಯುಧಪೂಜೆಯ ದಿನ ಎರಡಕ್ಕೂ ಅರಿಸಿನ ಕುಂಕುಮ, ಚೆಂಡುಹೂವು. ಅಂದು ಯಾರೂ ಹೊಲಿಯುವುದಿಲ್ಲ.

20
ಕೊಳ್ಳಲು ಹೋಗುವವರು ಮನೆಯಿಂದ ಎರಡು ತುಂಡು ಒಯ್ಯಿರಿ: ರವಿಕೆ ಬಟ್ಟೆಯದೊಂದು, ಹಳೆಯ ಜೀನ್ಸಿನ ಮಡಿಕೆಯದೊಂದು. ಅಂಗಡಿಯವರು ಕೊಡುವ ಗಂಜಿ ಹಾಕಿದ ತುಂಡಿನ ಮೇಲೆ ಯಾವ ಮಿಷನ್ನೂ ಚೆನ್ನಾಗಿ ಹೊಲಿಯುತ್ತದೆ. ಮೇಲೂ ಕೆಳಗೂ ಹೊಲಿಗೆ ಒಂದೇ ಸಮ ಬರಬೇಕು. ಬಾಬಿನ್ ಕೇಸು ಎಲ್ಲಿ ಸಿಗುತ್ತದೆ, ರಿಪೇರಿಗೆ ಯಾರು ಬರುತ್ತಾರೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಮಕ್ಕಳ ಅಂಗಿಗೆ ಕಾಜಾ ಹಾಕುವ ಮನೆಯಾದರೆ, ಕಂಪನಿಯ ಸರ್ವಿಸ್ ನಿಮ್ಮ ಊರಿನಲ್ಲೇ ಇದ್ದರೆ, ಬಿಳಿಯದು. ರವಿಕೆ, ಲಂಗ, ದಿಂಬಿನ ಕವರು ಹೊಲಿಯುವ ಮನೆಗೆ ಕಪ್ಪು ಮಿಷನ್ನು, ಅದರ ಬೆನ್ನಿಗೊಂದು ಮೋಟಾರು ಸಾಕು.