ಐವತ್ನಾಲ್ಕು ಗೀಟಿನ ಪುಲಕೇಶಿ

ಪುಲಕೇಶಿ ಎಂಬ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಯಬೇಕಾದರೆ 54 ಗೀಟು ಎಳೆಯಬೇಕು. ಅಕ್ಷರ ನಾಲ್ಕೇ. ಮೊದಲನೆಯದಕ್ಕೆ 12 ಗೀಟು, ಎರಡನೆಯದಕ್ಕೆ 19, ಮೂರನೆಯದಕ್ಕೆ 15, ಕೊನೆಯದಕ್ಕೆ 8. ಶಾಂತಿನಿಕೇತನದ ಚೀನಾ ಭವನದಲ್ಲಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಕೂತು ಎಣಿಸಿದ್ದೆ. ಆವತ್ತು ಊಟದ ನೆನಪೇ ಆಗಲಿಲ್ಲ.

ಚೀನಾ ಭವನ ಶುರುವಾದದ್ದು 1937ರಲ್ಲಿ. ರವೀಂದ್ರನಾಥ ಠಾಕೂರರ ಕನಸಿಗೆ ಕೈಜೋಡಿಸಿದವರು ಪ್ರೊಫೆಸರ್ ತಾನ್ ಯುನ್‌ಶಾನ್. ಗೋಡೆಯ ಮೇಲೆ ನಂದಲಾಲ್ ಬೋಸರು ಬರೆದ ‘ನಟೀರ್ ಪೂಜಾ’ ಚಿತ್ರವಿದೆ. ಜೇವರ್ಗಿ ತಾಲ್ಲೂಕಿನ ಇಜೇರಿಯಿಂದ, ತೊಗರಿ ಹೊಲದ ನಡುವಿನಿಂದ ಎದ್ದು ಹೋದವಳಿಗೆ ಅಲ್ಲಿ ಮೊದಲು ಸಿಕ್ಕ ಪಾಠ ಗೀಟು ಎಳೆಯುವುದು. ಅಡ್ಡಗೀಟು ಮೊದಲು, ಉದ್ದಗೀಟು ಆಮೇಲೆ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ರಾಜವಂಶಗಳನ್ನೂ ಓದಿದೆವು. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದು ಮಾಡಿದ ಚಿನ್ ದೊರೆ ಲಿಪಿಯನ್ನೂ ಒಂದೇ ಅಚ್ಚಿಗೆ ತಂದದ್ದು, 1905ರಲ್ಲಿ ಅರಮನೆಯ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ನಿಂತುಹೋದದ್ದು, ಎಲ್ಲವನ್ನೂ. ಆದರೆ ಮನಸ್ಸು ಮತ್ತೆ ಮತ್ತೆ ಮರಳುತ್ತಿದ್ದದ್ದು ಅಕ್ಷರಗಳ ಕಡೆಗೇ.

ನಮ್ಮ ಶಾಲೆಯ ಪುಸ್ತಕದ ಭಿಕ್ಷು ಹ್ಯೂಯೆನ್ ತ್ಸಾಂಗ್ ಇದ್ದಾನಲ್ಲ, ಚೀನೀಯರ ಬಾಯಲ್ಲಿ ಅವನು ಶ್ವೆನ್‌ಜಾಂಗ್. ಭಾರತ ಸುತ್ತಿ 645ರಲ್ಲಿ ಊರು ಸೇರಿದ. ಮರುವರ್ಷವೇ ಅವನ ಪ್ರವಾಸದ ಪುಸ್ತಕ ಸಿದ್ಧವಾಯಿತು. ಅದರ 11ನೆಯ ಭಾಗದಲ್ಲಿ ನಮ್ಮ ಚಾಲುಕ್ಯರ ನಾಡು ಬರುತ್ತದೆ. ಭೂಮಿ ಫಲವತ್ತಾದದ್ದು, ಜನ ಸರಳರು, ಸ್ವಾಭಿಮಾನಿಗಳು. ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಕೆಣಕಿದವರನ್ನು ಬಿಡುವುದಿಲ್ಲ. ಸೇಡು ತೀರಿಸಿಕೊಳ್ಳುವುದಿದ್ದರೂ ಮೊದಲು ಹೇಳಿ ಕಳಿಸುತ್ತಾರೆ. ಇಷ್ಟು ಓದುವಷ್ಟರಲ್ಲೇ ನನಗೆ ನಮ್ಮೂರ ಕಟ್ಟೆಯ ಮೇಲೆ ಕೂತ ಹಿರಿಯರ ಮುಖಗಳು ಕಾಣತೊಡಗಿದ್ದವು. ಹರ್ಷವರ್ಧನನೇ ದಂಡೆತ್ತಿ ಬಂದರೂ ಈ ನಾಡು ಮಣಿಯಲಿಲ್ಲ ಎಂದೂ ಬರೆದಿದ್ದಾನೆ. ಅಲ್ಲೇ ಅರಸನ ಹೆಸರು, ಆ ನಾಲ್ಕು ಅಕ್ಷರ.

ಅವನ್ನು ಬಿಡಿಸುತ್ತ ಹೋಗುವುದೇ ಒಂದು ಸುಖ. ಮೊದಲನೆಯದರ ಅರ್ಥ ತೇಪೆ ಹಾಕುವುದು. ಅದರ ಎಡಕ್ಕೆ ಬಟ್ಟೆಯ ಗುರುತು. ಎರಡನೆಯದು ಹಕ್ಕಿ ಹಿಡಿಯುವ ಬಲೆ: ಮೇಲೆ ಬಲೆ, ಕೆಳಗೆ ರೇಷ್ಮೆಯ ಎಳೆ, ಅದರ ಪಕ್ಕದಲ್ಲಿ ಗಿಡ್ಡ ಬಾಲದ ಹಕ್ಕಿ. ಮೂರನೆಯದರ ಎಡಕ್ಕೆ ತೆನೆ ಬಾಗಿದ ಪೈರಿನ ಗುರುತು. ಸಂಕ್ರಾಂತಿಯ ಹೊತ್ತಿಗೆ ನಮ್ಮ ಬಿಳಿಜೋಳ ಹಾಗೆಯೇ ತಲೆ ಬಾಗಿಸಿ ನಿಂತಿರುತ್ತದೆ. ಕೊನೆಯದು ತಂಗುವ ಬಿಡಾರ. ಈ ಅರ್ಥಗಳಿಗೂ ದೊರೆಗೂ ಸಂಬಂಧವಿಲ್ಲ, ಅಕ್ಷರ ತಂದದ್ದು ಬರೀ ನಾದಕ್ಕಾಗಿ. ಆದರೆ ಇವತ್ತಿನ ಚೀನೀ ಉಚ್ಚಾರದಲ್ಲಿ ಓದಿದರೆ ಬು-ಲುವೊ-ಜಿ-ಶ ಎಂದಾಗುತ್ತದೆ. ಯಾರಿವನು?

ಹಳೆಯ ಉಚ್ಚಾರ ತಿಳಿಯಲು ಒಂದು ದಾರಿಯಿದೆ. ಚೀನೀಯರು 601ರಲ್ಲೇ ಅಕ್ಷರಗಳನ್ನು ಪ್ರಾಸದ ಪ್ರಕಾರ ಜೋಡಿಸಿ ಒಂದು ಪ್ರಾಸಕೋಶ ಮಾಡಿಟ್ಟಿದ್ದರು. ನಮ್ಮ ಹಳಗನ್ನಡದವರು ಎರಡನೆಯ ಅಕ್ಷರದಲ್ಲಿ ಹಿಡಿದ ಪ್ರಾಸವನ್ನು ಅವರು ಸಾಲಿನ ಕೊನೆಯಲ್ಲಿ ಹಿಡಿದರು. ಆ ಕೋಶದ ಪರಂಪರೆಯನ್ನೂ ಈಗಿನ ನುಡಿಗಳನ್ನೂ ಜೋಡಿಸಿ, ಶ್ವೆನ್‌ಜಾಂಗ್ ಬದುಕಿದ್ದ ತಾಂಗ್ ವಂಶದ ಕಾಲದವರು ಹೇಗೆ ಮಾತಾಡುತ್ತಿದ್ದರೆಂದು ಸ್ವೀಡನ್ನಿನ ಕಾರ್ಲ್‌ಗ್ರೆನ್ ಮೊದಲಾದವರು ಕಂಡುಹಿಡಿದರು. ಆ ಉಚ್ಚಾರವನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡು ಬಾಯಿ ಬಿಟ್ಟು ಓದಿದೆ: ಪು-ಲಾ-ಕೇ-ಶ್ಯಾ. ಮೈಮೇಲೆ ಮುಳ್ಳು ಎದ್ದವು. ಬಾದಾಮಿಯ ದೊರೆಯ ಹೆಸರನ್ನು ಆ ಭಿಕ್ಷು ಕಿವಿಯಾರೆ ಕೇಳಿ ಜೋಪಾನವಾಗಿ ಒಯ್ದಿದ್ದ.

ಹೆಸರು ಹೀಗೆ ದಾಟಿದ್ದು ನಮ್ಮ ಕಡೆಯಿಂದ ಅದೊಂದೇ ಸಲವಲ್ಲ. ನಮಗೆ ಹತ್ತಿರದ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಲು ಚೀನಾಕ್ಕೆ ಹೋದರು. ಅಲ್ಲಿ ಅವರು ಕ ದಿಹ್ವಾ ಆದರು. ಹ್ವಾ ಎಂದರೆ ಚೀನಾ. ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಹುಟ್ಟಿದ ಮಗನಿಗೆ ಯಿನ್‌ಹ್ವಾ ಎಂದು ಹೆಸರಾಯಿತು. ಯಿನ್ ಅಂದರೆ ಭಾರತ. ಎರಡು ದೇಶ, ಒಂದು ಕೂಸಿನ ಹೆಸರು. 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ, ಕೋಟ್ನಿಸ್ ಅಲ್ಲೇ ತೀರಿಕೊಂಡರು. ಈ ಹೆಸರುಗಳನ್ನು ಬರೆಯುವಾಗ ಈಗಲೂ ನನ್ನ ಕೈ ನಿಧಾನವಾಗುತ್ತದೆ.

ರಜೆಗೆ ಊರಿಗೆ ಬಂದಾಗ ಪಡಸಾಲೆಯಲ್ಲಿ ಕೂತು ಇಜೇರಿಯನ್ನು ಬರೆಯಲು ಹೊರಟೆ. ಚೀನೀ ನುಡಿಯಲ್ಲಿ ನಮ್ಮ ‘ರಿ’ ಇಲ್ಲ, ‘ಲಿ’ ಹಾಕಬೇಕು. ಆ ಉಚ್ಚಾರದ ಅಕ್ಷರಗಳು ಹತ್ತಾರಿವೆ. ಹುಡುಕಿ ಹುಡುಕಿ ಒಂದನ್ನು ಆರಿಸಿದೆ. ಅವ್ವ ಕೈಯಲ್ಲಿ ಚಹಾದ ಲೋಟ ಹಿಡಿದು ಬಂದು ಬಗ್ಗಿ ನೋಡಿದಳು. ಆ ಚಹಾ ಎಂಬ ಮಾತೂ ಚೀನಾದ ‘ಛಾ’ ನಡೆದು ಬಂದದ್ದೇ.

“ಏನ್ ಬರೀಲತ್ತಿ?”

“ನಮ್ಮೂರ ಹೆಸರು.”

ಕೊನೆಯ ಅಕ್ಷರದ ಮೇಲೆ ಬೆರಳಿಟ್ಟಳು. “ಇದು ಹೊಲ ಇದ್ದಂಗ ಅದಲ್ಲ. ನಡಕ ಬದು ಹಾಕೀದಿ.”

ಹೊಲವೇ ಅದು. ಮೇಲೆ ಹೊಲ, ಅದರ ಕೆಳಗೆ ಮಣ್ಣು. ಎರಡೂ ಸೇರಿದರೆ ಹಳ್ಳಿ. ಏಳು ಗೀಟು. ಅವ್ವನ ಕೈಗೆ ಪೆನ್ನು ಕೊಟ್ಟೆ. ಅವಳು ಬದುವನ್ನು ಮೊದಲು ಎಳೆದಳು, ಹೊಲವನ್ನು ಆಮೇಲೆ.