ವಠಾರದ ಹೆಬ್ಬಾಗಿಲು

ಮೈಸೂರು, ಬೆಂಗಳೂರುಗಳ ಹಳೆಯ ವಠಾರಗಳನ್ನು ಕಂಡವರಿಗೆ ಅವುಗಳ ಒಂದು ವಿಶೇಷ ನೆನಪಿರಬಹುದು. ಬೀದಿಗೆ ಕಾಣುವುದು ಒಂದೇ ಬಾಗಿಲು. ಅದರ ಮೇಲೆ ಒಂದೇ ಸಂಖ್ಯೆ. ಒಳಹೊಕ್ಕರೆ ಎಂಟು ಹತ್ತು ಸಂಸಾರಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ತುಳಸಿಕಟ್ಟೆ. ಅಂಚೆಯವನಿಗೆ ಗೊತ್ತಿರುವುದು ಹೊರಗಿನ ಸಂಖ್ಯೆ ಮಾತ್ರ. ಕಾಗದವು ಒಳಗಿನ ಯಾವ ಮನೆಗೆ ಸೇರತಕ್ಕದ್ದು ಎಂಬುದನ್ನು ಹೆಬ್ಬಾಗಿಲ ಬಳಿ ಕುಳಿತ ಮಾಲೀಕರೇ ಹೇಳಬೇಕು. ಅಂತಹ ವಠಾರಗಳು ಈಗ ಬಹುಮಟ್ಟಿಗೆ ಮಾಯವಾಗಿವೆ. ಆದರೆ ಇಂಟರ್ನೆಟ್ ಸಂಪರ್ಕವುಳ್ಳ ಇಂದಿನ ಒಂದೊಂದು ಮನೆಯೂ ತನಗರಿವಿಲ್ಲದೆಯೇ ಒಂದು ವಠಾರವಾಗಿದೆ. ಗೋಡೆಯ ಮೇಲೆ ಹಸಿರು ದೀಪ ಮಿಣುಕಿಸುತ್ತಾ ಕುಳಿತಿರುವ ರೌಟರ್ ಎಂಬ ಪೆಟ್ಟಿಗೆಯೇ ಅದರ ಮಾಲೀಕ. ಫೋನು, ಟೆಲಿವಿಷನ್, ಕ್ಯಾಮೆರಾಗಳು ಅದರ ಬಿಡಾರದವರು.

ಇದಕ್ಕೆ ಕಾರಣ ಸಂಖ್ಯೆಗಳ ಬಡತನ. ಇಂಟರ್ನೆಟ್ಟನ್ನು ರೂಪಿಸಿದವರು ಯಂತ್ರಗಳಿಗಾಗಿ ಎತ್ತಿಟ್ಟ ವಿಳಾಸಗಳು ಸುಮಾರು 429 ಕೋಟಿ. ಆಗ ಅದು ಕುಬೇರನ ಭಂಡಾರದಂತೆ ತೋರಿದ್ದಿರಬೇಕು. 1994ರ ವೇಳೆಗೇ ಅದು ಸಾಲದೆಂಬ ಶಂಕೆ ಹುಟ್ಟಿ, ಒಂದೇ ವಿಳಾಸದ ಹಿಂದೆ ಅನೇಕ ಯಂತ್ರಗಳನ್ನಿರಿಸುವ ಉಪಾಯ ಪ್ರಕಟವಾಯಿತು. ಅದೇ ವರ್ಷ ಒಳಮನೆಗಳಿಗೆಂದೇ ಕೆಲವು ಸಂಖ್ಯೆಗಳನ್ನು ಮೀಸಲಿಟ್ಟರು, 192.168 ಎಂದು ಆರಂಭವಾಗುವ, ಈಗ ಮನೆಮನೆಯಲ್ಲಿಯೂ ಕಾಣುವ ಸಂಖ್ಯೆಗಳು ಅವುಗಳಲ್ಲಿ ಸೇರಿವೆ. 2011ರ ಫೆಬ್ರುವರಿ 3ರಂದು ಕೇಂದ್ರದ ಕಣಜವು ಪೂರ್ಣ ಬರಿದಾಯಿತು.

ರೌಟರ್ ಎಂಬ ಈ ಮಾಲೀಕನ ಸ್ವಭಾವ ತಿಳಿದುಕೊಳ್ಳಲು ಯೋಗ್ಯವಾದುದು. ಒಳಗಿನವರು ಹೊರಗೆ ಹೋಗಿ ಏನನ್ನಾದರೂ ಕೇಳಿದರೆ ಆತನು ತನ್ನ ಖಾತೆಯಲ್ಲಿ ಬರೆದುಕೊಳ್ಳುತ್ತಾನೆ. ಉತ್ತರ ಬಂದೊಡನೆ ಕೇಳಿದವರಿಗೆ ಮುಟ್ಟಿಸುತ್ತಾನೆ. ಯಾರೂ ಕರೆಯದೆ ತಾನಾಗಿ ಬಂದ ಅತಿಥಿಯನ್ನು ಮಾತ್ರ ಒಳಗೆ ಬಿಡುವುದಿಲ್ಲ. ಇದು ದುರಹಂಕಾರವಲ್ಲ, ಯಾರ ಮನೆಗೆ ಕಳುಹಿಸಬೇಕೆಂಬುದೇ ಅವನಿಗೆ ತಿಳಿಯದು.

ದೂರದಲ್ಲಿರುವ ಮಗನು ತಾಯಿಯ ಮನೆಯ ಕ್ಯಾಮೆರಾವನ್ನು ನೋಡಲು ಬಯಸಿದಾಗ ಅವನೂ ಇಂತಹ ಕರೆಯದ ಅತಿಥಿಯೇ. ಮೈಸೂರಿನ ಸರಸ್ವತಿಪುರದಲ್ಲಿ ಒಬ್ಬರೇ ಇರುವ ಎಪ್ಪತ್ತೆಂಟು ವಯಸ್ಸಿನ ತಾಯಿ, ಅಮೆರಿಕೆಯ ಸಿಯಾಟಲ್‌ನಲ್ಲಿ ಉದ್ಯೋಗದಲ್ಲಿರುವ ಮಗ, ಎಂದರೆ ಸಾಕು. ವಾಚಕರು ತಮಗೆ ಪರಿಚಿತವಾದ ಮನೆಯೊಂದನ್ನು ತಾವೇ ಕಲ್ಪಿಸಿಕೊಳ್ಳಬಲ್ಲರು. ಒಂದು ಬೆಳಗ್ಗೆ ಆಕೆ ಹಿತ್ತಿಲಲ್ಲಿ ಕಾಲುಜಾರಿ ಬಿದ್ದರು. ಹೂವಿನವಳು ಬಂದು ಕೂಗಿ, ಉತ್ತರವಿಲ್ಲದೆ ಸಂದೇಹಪಟ್ಟು ಹಿತ್ತಿಲಿಗೆ ಬರುವವರೆಗೆ ಅಲ್ಲಿಯೇ ಇದ್ದರು. ಮಣಿಕಟ್ಟು ಊದಿಕೊಂಡಿತ್ತು, ಅಷ್ಟೆ. ಆದರೆ ಸುದ್ದಿ ಕೇಳಿದ ಮಗನು ಮೂರು ವಾರಗಳ ರಜೆ ಹಾಕಿ ಬಂದನು. ಮುಂಬಾಗಿಲ ಮೇಲೊಂದು, ನಡುಮನೆಯಲ್ಲೊಂದು ಕ್ಯಾಮೆರಾ ಕಟ್ಟಿಸಿದನು.

ಅನಂತರ ರೌಟರಿಗೆ ಹೇಳಬೇಕಾದ ಮಾತು ಒಂದೇ ಸಾಲಿನದು: "554ನೆಯ ಬಾಗಿಲಿಗೆ ಬಂದವರನ್ನು 192.168.1.64 ಎಂಬ ಮನೆಗೆ ಕಳುಹಿಸು." ಪ್ರತಿ ವಿಳಾಸಕ್ಕೂ ಅರವತ್ತೈದು ಸಾವಿರಕ್ಕೂ ಮಿಕ್ಕ ಬಾಗಿಲುಗಳಿವೆ, ಅವುಗಳಿಗೆ ಪೋರ್ಟ್ ಎಂದು ಹೆಸರು. ಈ ಏರ್ಪಾಟಿಗೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಹಾಗೆ ಹೇಳುವುದಕ್ಕೆ ಮೊದಲು ಕ್ಯಾಮೆರಾಕ್ಕೆ ಆ ಸಂಖ್ಯೆಯನ್ನು ಖಾಯಂ ಮಾಡಿಸುವುದನ್ನು ಮರೆಯಬಾರದು. ಇಲ್ಲವಾದರೆ ವಿದ್ಯುತ್ತು ಹೋಗಿ ಬಂದಾಗ ಬಿಡಾರದವರ ಮನೆಗಳು ಅದಲುಬದಲಾಗಿ, ಸಿಯಾಟಲ್‌ನಿಂದ ಬಂದ ಅತಿಥಿ ಕ್ಯಾಮೆರಾದ ಬದಲು ಟೆಲಿವಿಷನ್ನಿನ ಕದ ತಟ್ಟುತ್ತಾನೆ.

ಇಷ್ಟಾದರೂ ಚಿತ್ರ ಬರಲಿಲ್ಲ. ಮನೆಯ ವೈಫೈಯಲ್ಲಿದ್ದುಕೊಂಡೇ ಹೊರಗಿನ ವಿಳಾಸವನ್ನು ಪರೀಕ್ಷಿಸಿದರೆ ಅನೇಕ ರೌಟರುಗಳು ಗಲಿಬಿಲಿಗೊಳ್ಳುತ್ತವೆ. ಒಳಗಿರುವವನೇ ಬೀದಿಬಾಗಿಲಿನಿಂದ ತನ್ನನ್ನು ತಾನು ಕರೆದರೆ ಮಾಲೀಕನಾದರೂ ಏನು ಮಾಡಿಯಾನು? ವೈಫೈ ಆರಿಸಿ, ಫೋನಿನ ಸ್ವಂತ ಸಂಪರ್ಕದಿಂದ ನೋಡಿದ್ದಾಯಿತು. ಆಗಲೂ ಇಲ್ಲ. ರೌಟರಿನೊಳಗೆ ಕಂಡ ಹೊರವಿಳಾಸವು 100.64 ಎಂದು ಆರಂಭವಾಗಿತ್ತು; ಹೊರಜಗತ್ತಿಗೆ ಕಾಣುತ್ತಿದ್ದುದು ಬೇರೆಯೇ. ಎರಡು ದಿನಗಳ ಶ್ರಮದ ಗುಟ್ಟು ಈ ಒಂದು ವ್ಯತ್ಯಾಸದಲ್ಲಿತ್ತು. ವಿಳಾಸಗಳ ಅಭಾವದಿಂದ ಸಂಪರ್ಕ ಒದಗಿಸುವ ಕಂಪೆನಿಗಳು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕುತ್ತವೆ. ಆ ವ್ಯವಸ್ಥೆಗಾಗಿಯೇ ಇಂತಹ ಸಂಖ್ಯೆಗಳನ್ನು 2012ರಲ್ಲಿ ಮೀಸಲಿಡಲಾಯಿತು. ವಠಾರವೇ ಇನ್ನೊಂದು ದೊಡ್ಡ ವಠಾರದೊಳಗಿದ್ದರೆ ಸಣ್ಣ ಮಾಲೀಕನಿಗೆ ಹೇಳಿ ಫಲವೇನು? ಪ್ರತ್ಯೇಕ ಶುಲ್ಕ ತೆತ್ತು ಸ್ವಂತವಾದ ಸ್ಥಿರವಿಳಾಸವನ್ನು ಪಡೆದ ಮೇಲೆ ಚಿತ್ರ ಬಂದಿತು.

ನಡುಮನೆಯ ಕುರ್ಚಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿಗೆ ಮಗನು ಫೋನಿನಲ್ಲಿ ಅವರ ಚಿತ್ರವನ್ನೇ ತೋರಿಸಿದನು. ಆಕೆ ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ನೀನು ನೋಡಿದರೆ ಸರಿ. ಮತ್ತೆ ಯಾರು ಯಾರು ನೋಡುತ್ತಾರೆ?" ಎಂದು ಕೇಳಿದರು.

ಈ ಮಾತನ್ನು ಕ್ಯಾಮೆರಾ ಕಟ್ಟಲು ಬಂದ ಹುಡುಗನೂ ಕೇಳಿರಲಿಲ್ಲ, ಅಮೆರಿಕೆಯಲ್ಲಿ ಕಂಪ್ಯೂಟರಿನದೇ ಕೆಲಸ ಮಾಡುವ ಮಗನೂ ಕೇಳಿಕೊಂಡಿರಲಿಲ್ಲ. ರೌಟರಿಗೆ ಹೇಳಿದ ಸಾಲನ್ನು ಇನ್ನೊಮ್ಮೆ ಓದಬೇಕು. "ನನ್ನ ಮಗ ಬಂದರೆ" ಎಂದು ಅದರಲ್ಲಿಲ್ಲ, "ಬಂದವರನ್ನು" ಎಂದಿದೆ. ಒಬ್ಬನಿಗಾಗಿ ತೆರೆದ ಬಾಗಿಲು ಲೋಕಕ್ಕೆಲ್ಲ ತೆರೆದಿರುತ್ತದೆ. ಉಳಿಯುವ ಕಾವಲು ಕ್ಯಾಮೆರಾದ ಗುಪ್ತಪದವೊಂದೇ. ಲಕ್ಷೋಪಲಕ್ಷ ಮನೆಗಳ ನಡುವೆ ಈ ಬಾಗಿಲು ಯಾರ ಕಣ್ಣಿಗೆ ಬೀಳುತ್ತದೆ ಎಂದು ಸಮಾಧಾನಪಡುವಂತೆಯೂ ಇಲ್ಲ. ಇಂಟರ್ನೆಟ್ಟಿನ ಆ ಸಮಸ್ತ ವಿಳಾಸಗಳಲ್ಲಿಯೂ ಒಂದು ಬಾಗಿಲನ್ನು ತಟ್ಟಿನೋಡಲು ಮುಕ್ಕಾಲು ಗಂಟೆ ಸಾಕೆಂದು 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಯಂತ್ರದಿಂದ ತೋರಿಸಿಕೊಟ್ಟರು. ಸಂಶೋಧಕರು ಬಲ್ಲುದನ್ನು ಕಳ್ಳರೂ ಬಲ್ಲರು.

2016ರಲ್ಲಿ ನಡೆದುದು ಇದಕ್ಕೆ ನಿದರ್ಶನ. ಮಿರಾಯ್ ಎಂಬ ದುಷ್ಟ ಕ್ರಮವಿಧಿಯೊಂದು ಲೋಕದ ಕ್ಯಾಮೆರಾಗಳನ್ನೂ ರೌಟರುಗಳನ್ನೂ ತಡಕಾಡುತ್ತಾ ಹೊರಟಿತು. ಅದರ ಬಳಿ ಇದ್ದ ಬೀಗದಕೈಗಳು ಅರವತ್ತಕ್ಕೆ ಸ್ವಲ್ಪ ಹೆಚ್ಚು ಮಾತ್ರ. ಕಾರ್ಖಾನೆಯವರೇ ಇಟ್ಟು, ಕೊಂಡವರು ಬದಲಾಯಿಸದೆ ಬಿಟ್ಟ ಹೆಸರು ಗುಪ್ತಪದಗಳ ಜೋಡಿಗಳು. ಅಷ್ಟರಿಂದಲೇ ಲಕ್ಷಾಂತರ ಯಂತ್ರಗಳು ಅದರ ಗುಲಾಮರಾದುವು. ಅಕ್ಟೋಬರ್ 21ರಂದು ಅವುಗಳಲ್ಲಿ ಅನೇಕವು ಡೈನ್ ಎಂಬ ಸಂಸ್ಥೆಯ ಮೇಲೆ ಒಟ್ಟಾಗಿ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದುವು ಅಮೆರಿಕೆಯ ಬಹುಜನರಿಗೆ ಗಂಟೆಗಟ್ಟಲೆ ದೊರೆಯದಾದುವು. ಮನೆ ಕಾಯಲೆಂದು ಕಟ್ಟಿದ ಕ್ಯಾಮೆರಾ, ಮನೆಯವರಿಗೆ ತಿಳಿಯದಂತೆ ಊರ ಮೇಲೆ ಕಲ್ಲೆಸೆಯುತ್ತಿತ್ತು! ಮಿರಾಯ್ ಹೊಕ್ಕುದು ಚಿತ್ರದ ಬಾಗಿಲಿನಿಂದಲ್ಲ, ಟೆಲ್ನೆಟ್ ಎಂಬ ಹಳೆಯ ಬಾಗಿಲಿನಿಂದ, ಎಂಬುದನ್ನೂ ಹೇಳಬೇಕು. ಆದರೆ ಯಾವುದನ್ನು ತೆರೆಯುವುದೆಂಬ ಗೊಡವೆಯೇ ಬೇಡವೆಂದು ಎಲ್ಲ ಬಾಗಿಲುಗಳನ್ನೂ ಒಮ್ಮೆಗೇ ತೆರೆದಿಟ್ಟು ಹೋಗುವವರು ಇಂದಿಗೂ ಇದ್ದಾರೆ. ಯೂಪಿಎನ್‌ಪಿ ಎಂಬ ಸೌಕರ್ಯವಂತೂ ಕ್ಯಾಮೆರಾ ಕೇಳಿದೊಡನೆ ಯಜಮಾನರ ಅಪ್ಪಣೆಯಿಲ್ಲದೆಯೇ ಬಾಗಿಲು ತೆಗೆಯುತ್ತದೆ. ಅದಕ್ಕೆ ಸೌಕರ್ಯವೆಂಬ ಹೆಸರು ಸಲ್ಲದು.

ಇನ್ನೊಂದು ಸಂಗತಿ. 554ನೆಯ ಬಾಗಿಲಿನ ಚಿತ್ರವು ಸಾಮಾನ್ಯವಾಗಿ ಲಕೋಟೆಯಲ್ಲಿ ಹೋಗುವುದಿಲ್ಲ. ಕಾರ್ಡಿನಂತೆ, ದಾರಿಯಲ್ಲಿರುವವರು ಓದಬಹುದಾದ ಹಾಗೆ ಹೋಗುತ್ತದೆ.

ಮಗನು ಆ ಸಾಲನ್ನು ಅಳಿಸಿದನು. ಯೂಪಿಎನ್‌ಪಿಯನ್ನು ಆರಿಸಿ, ಗುಪ್ತಪದಗಳನ್ನು ಬದಲಾಯಿಸಿದನು. ವೈರ್‌ಗಾರ್ಡ್ ಎಂಬ ಸುರಂಗಮಾರ್ಗವನ್ನು ರೌಟರಿನಲ್ಲಿಯೇ ಇರಿಸುವುದೆಂದು ಆಯಿತು. ಕಂಪೆನಿಯವರು ಕೊಟ್ಟ ಪೆಟ್ಟಿಗೆಗೆ ಆ ವಿದ್ಯೆ ತಿಳಿಯದು. ಅದನ್ನು ಬರಿಯ ಸೇತುವೆಯಾಗಿಸಿ ಬೇರೊಂದನ್ನು ಕೊಂಡುದಾಯಿತು. ಇಲ್ಲಿಯೂ ಒಂದು ಬಾಗಿಲಿದೆ. ಆದರೆ ಸರಿಯಾದ ಕೀಲಿಯಿಲ್ಲದೆ ತಟ್ಟಿದವರಿಗೆ ಅದು "ಇಲ್ಲ" ಎಂದು ಕೂಡ ಹೇಳದೆ ಸುಮ್ಮನಿರುತ್ತದೆ. ಬಾಗಿಲಿರುವುದೇ ಅವರಿಗೆ ಗೊತ್ತಾಗದು. ಒಳಹೋಗುವುದೂ ಹೊರಬರುವುದೂ ಮುಚ್ಚಿದ ಲಕೋಟೆಯಲ್ಲಿಯೇ. ಈ ತೊಡಕೆಲ್ಲ ಬೇಡವೆನ್ನುವವರು ಕ್ಯಾಮೆರಾ ತಯಾರಿಸಿದವರ ದಾರಿಯನ್ನೇ ಹಿಡಿಯಬಹುದು. ಅಲ್ಲಿ ಕ್ಯಾಮೆರಾವೇ ಹೊರಗೆ ಹೋಗಿ ಕಂಪೆನಿಯ ಯಂತ್ರದ ಬಳಿ ಕಾದಿರುತ್ತದೆ. ಬಾಗಿಲು ತೆರೆಯುವ, ವಿಳಾಸ ಕೊಳ್ಳುವ ಕೆಲಸವಿಲ್ಲ. ಬಹುಜನರಿಗೆ ಅದೇ ಸುಲಭ. ತಾಯಿಯ ನಡುಮನೆಯನ್ನು ಕಾಣದ ಕಂಪೆನಿಯೊಂದರ ಕೈಗೆ ಒಪ್ಪಿಸಬೇಕಾಗುತ್ತದೆ, ಅಷ್ಟೆ.

ಇಷ್ಟೆಲ್ಲ ಆದ ಮೇಲೂ ಆಕೆ ನಡುಮನೆಯ ಕ್ಯಾಮೆರಾಕ್ಕೆ ಒಪ್ಪಲಿಲ್ಲ. ಮಧ್ಯಾಹ್ನ ತಾವು ಸೆರಗು ಹಾಸಿ ಮಲಗುವ ಜಾಗ ಅದು. ಮಗನೇ ಆಗಲಿ, ಅಲ್ಲಿಗೆ ಬರುವವನು ಕೆಮ್ಮಿ ಬರಬೇಕು ಎಂದರು. ಬಿದ್ದರೆ ತಿಳಿಯುವುದು ಹೇಗೆ ಎಂದು ಮಗನು ಎರಡು ದಿನ ವಾದಿಸಿದನು. ಬಿದ್ದದ್ದು ಹಿತ್ತಿಲಲ್ಲಿ ಎಂದು ಆಕೆ ನೆನಪಿಸಿದರು. ಕೊನೆಗೆ ಆ ಕ್ಯಾಮೆರಾ ಹಿತ್ತಲಬಾಗಿಲ ಮೇಲಕ್ಕೆ ಹೋಯಿತು; ಮನೆಯ ಇನ್ನೊಂದು ಬೀಗದಕೈ ಹೂವಿನವಳ ಕೈಗೆ.

ಮಗ ಹಿಂತಿರುಗಿದ ವಾರದಲ್ಲಿಯೇ ಅಲ್ಲಿ ಬಟ್ಟೆ ಒಣಹಾಕುವ ಹಗ್ಗವೊಂದು ಬಂದಿತು. ಸಿಯಾಟಲ್‌ನಲ್ಲಿ ಈಗ ಚಿತ್ರದ ಬಲಭಾಗವೆಲ್ಲ ನಿಚ್ಚಳವಾಗಿ ಕಾಣುತ್ತದೆ: ಒಗೆಯುವ ಕಲ್ಲು, ತೆಂಗಿನ ಮರದ ಬುಡ, ಆಗಾಗ ಆಕೆಯ ಓಡಾಟ. ಎಡಭಾಗದಲ್ಲಿ ಮಧ್ಯಾಹ್ನದವರೆಗೂ ಒಂದು ಹಸಿರು ಸೀರೆ.