ಕನ್ನಡಿಯೊಳಗಿನ ಗಂಟು



ಧರ್ಮಕೇಂದ್ರದ ಕಚೇರಿಗೆ ನೀವು ಬರುವುದು ಸಾಮಾನ್ಯವಾಗಿ ಎರಡು ಕಾರಣಗಳಿಗೆ: ಬಲಿಪೂಜೆಯ ಕೋರಿಕೆಯನ್ನು ಬರೆಸಲು, ಇಲ್ಲವೇ ಒಂದು ಪ್ರಮಾಣಪತ್ರವನ್ನು ಪಡೆಯಲು. ಮೇಜಿನ ಮೇಲಿರುವ ಕಂಪ್ಯೂಟರಿನ ಒಳಗೆ ಏನಿದೆಯೆಂದು ನೀವು ಕೇಳಿದವರಲ್ಲ. ನಾನೂ ಬಹುಕಾಲ ಕೇಳಿಕೊಂಡವನಲ್ಲ. ಕೇಳಿಕೊಳ್ಳಬೇಕಾಗಿ ಬಂದ ಸಂದರ್ಭವನ್ನೂ, ಅದರ ನಂತರ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನೂ ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಯಲಹಂಕದ ಕಡೆಯ ಧರ್ಮಕೇಂದ್ರ. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಇಲ್ಲಿ ಆರಂಭವಾದ ಮೇಲೆ ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ. ಅವರ ಮಕ್ಕಳು ಮೊಮ್ಮಕ್ಕಳ ಹೆಸರುಗಳೆಲ್ಲ ದೀಕ್ಷಾಸ್ನಾನದ ಪುಸ್ತಕಗಳಲ್ಲಿವೆ. ನಿವೃತ್ತ ಶಿಕ್ಷಕಿಯೊಬ್ಬರು ಆರ್.ಟಿ. ನಗರದಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು, ಹದಿನಾಲ್ಕು ತಿಂಗಳು ಕುಳಿತು, ಆ ಹೆಸರುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದರು. 2017ರಲ್ಲಿ ಆ ಕೆಲಸ ಮುಗಿಯಿತು. ಅಲ್ಲಿಂದ ಮುಂದಿನ ಹೆಸರುಗಳನ್ನು ಕಚೇರಿಯಲ್ಲಿಯೇ ಸೇರಿಸುತ್ತಾ ಬಂದೆವು.

2022ರ ಜೂನ್ ತಿಂಗಳ ಒಂದು ಬೆಳಗ್ಗೆ ಆ ಯಂತ್ರದಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ಹಲ್ಲಿಯಿರಬೇಕೆಂದು ಭಾವಿಸಿ ಗೋಡೆಯನ್ನು ನೋಡಿದೆ. ಸದ್ದು ಬರುತ್ತಿದ್ದುದು ಹಾರ್ಡ್ ಡಿಸ್ಕಿನಿಂದ. ಅದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಬಾರಿ ತಿರುಗುತ್ತವೆ. ಓದುವ ಬರೆಯುವ ಸೂಕ್ಷ್ಮವಾದ ಮೊನೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಆ ಮೊನೆ ತನ್ನ ಜಾಗವನ್ನು ಹುಡುಕಲಾರದೆ ಮತ್ತೆ ಮತ್ತೆ ಹಿಂದಿರುಗಿದಾಗ ಅಂತಹ ಸದ್ದು ಬರುತ್ತದೆ. ತಿರುಗುವ ವಸ್ತು ಸವೆಯಲೇಬೇಕಷ್ಟೆ. ನಮ್ಮಲ್ಲಿಯೇ ಇರುವ, ಹೆಬ್ಬಾಳದ ಬಳಿಯ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಯುವಕನೊಬ್ಬನು ಸಂಜೆ ಬಂದು ನೋಡಿ, "ಸ್ವಾಮಿ, ಇದು ಹೆಚ್ಚು ದಿನ ಬಾಳುವುದಿಲ್ಲ" ಎಂದನು.

ಮರುದಿನವೇ ನಾವಿಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗಗಳಿಗೆ ಆ ಇಕ್ಕಟ್ಟಾದ ಬೀದಿಗಿಂತ ಬೇರೆ ಜಾಗ ಬೇಕಿಲ್ಲ. ಅಲ್ಲಿ ಅವನು ನನಗೆ ತೋರಿಸಿದ್ದು ಒಂದು ಲೋಹದ ಪೆಟ್ಟಿಗೆ. ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವಿದೆಯಲ್ಲ, ಅಲ್ಲಿಯೇ ಕೂಡುವಷ್ಟು ಅದರ ಗಾತ್ರ. ಅದರೊಳಗೆ ಎರಡು ಸಣ್ಣ ಹಾರ್ಡ್ ಡಿಸ್ಕುಗಳನ್ನು ಕೂರಿಸಬಹುದು. ಒಂದರ ಮೇಲೆ ಬರೆದ ಪ್ರತಿಯೊಂದು ಅಕ್ಷರವನ್ನೂ ಪೆಟ್ಟಿಗೆಯು ಅದೇ ಕ್ಷಣದಲ್ಲಿ ಇನ್ನೊಂದರ ಮೇಲೂ ಬರೆಯುತ್ತದೆ. ಕಂಪ್ಯೂಟರಿಗೆ ಕಾಣುವುದು ಒಂದೇ ಡಿಸ್ಕು. ಒಂದು ಸತ್ತರೂ ಇನ್ನೊಂದು ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಇದಕ್ಕೆ ಕನ್ನಡಿ ವಿಧಾನವೆಂದು ಹೆಸರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಾಟ್ಜ್ ಎಂಬ ಮೂವರು, ದುಬಾರಿಯಾದ ಒಂದು ದೊಡ್ಡ ಡಿಸ್ಕಿಗೆ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಜೊತೆಗೂಡಿಸಿ ದುಡಿಸಬಹುದೆಂದು ವಾದಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಅವರು ವಿವರಿಸಿದ ಕ್ರಮಗಳಲ್ಲಿ ಮೊದಲನೆಯದೇ ಈ ಕನ್ನಡಿ. ರೇಡ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ.

ಪೆಟ್ಟಿಗೆಯನ್ನು ಜೋಡಿಸುವ ಕೆಲಸದಲ್ಲಿ ನಾನೂ ಕೈಹಾಕಿದೆ. ವಿದ್ಯುತ್ ತಂತಿಯನ್ನು ಕಿತ್ತು, ಮೈಯಲ್ಲಿರಬಹುದಾದ ಸ್ಥಾಯಿ ವಿದ್ಯುತ್ತು ಇಳಿದುಹೋಗಲೆಂದು ಲೋಹದ ಕವಚವನ್ನೊಮ್ಮೆ ಮುಟ್ಟಿ, ಹಳೆಯ ಸಿ.ಡಿ. ಡ್ರೈವನ್ನು ಹೊರಗೆಳೆದೆವು. ಒಳಗೆ ಹಲವು ವರ್ಷಗಳ ಕೆಂಪು ಧೂಳು. ಪೆಟ್ಟಿಗೆಯ ಹಿಂಭಾಗದ ಸಣ್ಣ ಗುಂಡಿಯನ್ನು ಕನ್ನಡಿಯ ಗುರುತಿಗೆ ಸರಿಸಿದೆವು. ಈ ಗುರುತನ್ನು ಬದಲಾಯಿಸಿದರೆ ಡಿಸ್ಕುಗಳಲ್ಲಿ ಇದ್ದುದೆಲ್ಲ ಅಳಿಸಿಹೋಗುವುದರಿಂದ ಖಾಲಿ ಡಿಸ್ಕುಗಳಿರುವಾಗಲೇ ಹೀಗೆ ಮಾಡಬೇಕು. ತಲಾ 1 ಟಿ.ಬಿ.ಯ ಎರಡು ಡಿಸ್ಕುಗಳನ್ನು ಕೂರಿಸಿದರೂ ನಮಗೆ ದೊರೆಯುವ ಜಾಗ 1 ಟಿ.ಬಿ. ಮಾತ್ರ, ಇನ್ನರ್ಧವು ಪ್ರತಿಬಿಂಬಕ್ಕೆ ಮೀಸಲು. ಮೊದಲ ಬಾರಿ ಚಾಲೂ ಮಾಡಿದಾಗ ಡಿಸ್ಕೇ ಕಾಣಿಸಲಿಲ್ಲ. ನಾನು ಸಿಕ್ಕಿಸಿದ್ದ ತಂತಿ ಸಡಿಲವಾಗಿತ್ತು. ಅದನ್ನು ಒತ್ತಿದ ಮೇಲೆ ಎಲ್ಲವೂ ಸರಿಯಾಯಿತು. ಹಳೆಯ ಡಿಸ್ಕಿನಿಂದ ದಾಖಲೆಗಳನ್ನು ಇದಕ್ಕೆ ವರ್ಗಾಯಿಸಿದೆವು. ಪರೀಕ್ಷೆಗೆಂದು ಯಂತ್ರವನ್ನು ನಿಲ್ಲಿಸಿ ಒಂದು ಡಿಸ್ಕನ್ನು ಹೊರತೆಗೆದು ಮತ್ತೆ ಚಾಲೂ ಮಾಡಿದೆವು, ಕಡತಗಳೆಲ್ಲ ತೆರೆದುಕೊಂಡವು. ಅದನ್ನು ಹಿಂದಕ್ಕೆ ಸೇರಿಸಿದಾಗ ಮಧ್ಯಾಹ್ನ ಮೂರರಿಂದ ಸಂಜೆಯ ಜಪಮಾಲೆ ಮುಗಿಯುವವರೆಗೂ ದೀಪ ಮಿನುಗುತ್ತಾ ಕನ್ನಡಿ ತನ್ನನ್ನು ತಾನೇ ಸರಿಪಡಿಸಿಕೊಂಡಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೊರಡುವಾಗ ಯುವಕನು ಒಂದು ಮಾತು ಹೇಳಿದನು: "ಸ್ವಾಮಿ, ಇದನ್ನು ಬ್ಯಾಕಪ್ ಎಂದು ಭಾವಿಸಬೇಡಿ. ಬೇರೆ ಪ್ರತಿಯೊಂದು ಇರಲೇಬೇಕು." ನಾನು ತಲೆಯಾಡಿಸಿದೆ; ಕೇಳಿಸಿಕೊಳ್ಳಲಿಲ್ಲ. ಒಂದರ ಜಾಗದಲ್ಲಿ ಎರಡಿರುವಾಗ ಮೂರನೆಯದು ಏಕೆ? ಟಿಕ್ ಟಿಕ್ ಎನ್ನುತ್ತಿದ್ದ ಹಳೆಯ ಡಿಸ್ಕನ್ನು ಗುಜರಿಗೆ ಹಾಕಿಸಿದೆ. ಭಾನುವಾರದ ಪ್ರಕಟಣೆಗಳ ಕೊನೆಯಲ್ಲಿ, "ಇನ್ನು ನಿಮ್ಮ ದಾಖಲೆಗಳಿಗೆ ಭಯವಿಲ್ಲ" ಎಂದು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ.

2023ರ ಜನವರಿಯಲ್ಲಿ ಒಬ್ಬ ತಾಯಿ ಕಚೇರಿಗೆ ಬಂದರು. ಮಗಳ ಮದುವೆ ಬೇರೆ ಧರ್ಮಕೇಂದ್ರದಲ್ಲಿ ಗೊತ್ತಾಗಿತ್ತು. ಹಿಂದಿನ ವಾರ ಅದಕ್ಕಾಗಿ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕೊಟ್ಟಿದ್ದೆ. "ಸ್ವಾಮಿ, ಇದರಲ್ಲಿ 1997ರ ಜೂನ್ ಎಂದಿದೆ. ನನ್ನ ಮಗಳಿಗೆ ದೀಕ್ಷಾಸ್ನಾನವಾದದ್ದು ಪಾಸ್ಖ ಜಾಗರಣೆಯ ರಾತ್ರಿ. ಮೇಣದ ಬತ್ತಿಯ ಹನಿ ಅವಳ ಬಿಳಿ ಬಟ್ಟೆಯ ಮೇಲೆ ಬಿದ್ದದ್ದು ನನಗೆ ಇಂದಿಗೂ ನೆನಪಿದೆ" ಎಂದರು. ಕಂಪ್ಯೂಟರ್ ತಪ್ಪು ಹೇಳುವುದಿಲ್ಲವಮ್ಮ ಎನ್ನುವ ಮಾತು ನನ್ನ ನಾಲಗೆಯ ತುದಿಯವರೆಗೂ ಬಂದಿತ್ತು. ಏಕೋ ಎದ್ದು ಬೀರುವನ್ನು ತೆರೆದು ಮೂಲ ಪುಸ್ತಕವನ್ನು ತೆಗೆದೆ. 1997ರ ಮಾರ್ಚ್ 29, ಪವಿತ್ರ ಶನಿವಾರ. ತಾಯಿಯ ನೆನಪು ಸರಿಯಾಗಿತ್ತು. ನನ್ನ ಸಹಿ ಮತ್ತು ಧರ್ಮಕೇಂದ್ರದ ಮುದ್ರೆಯಿದ್ದ ಪತ್ರ ತಪ್ಪಾಗಿತ್ತು.

ಕಾರಣವನ್ನು ಹುಡುಕುತ್ತಾ ಹೋದಾಗ ಅದು ನನ್ನ ಬಳಿಗೇ ಬಂದು ನಿಂತಿತು. ಹೊಲಿಗೆ ಬಿಟ್ಟಿದ್ದ ಸಂಪುಟವೊಂದರ ಅರವತ್ತು ಹೆಸರುಗಳನ್ನು ಶಿಕ್ಷಕಿಯವರು ಪಟ್ಟಿಯ ಕೊನೆಯಲ್ಲಿ ಸೇರಿಸಿದ್ದರು. ಹಿಂದಿನ ಅಕ್ಟೋಬರಿನಲ್ಲಿ ಒಂದು ರಾತ್ರಿ, ಎಲ್ಲವೂ ದಿನಾಂಕದ ಕ್ರಮದಲ್ಲಿರಲೆಂದು ನಾನು ದೀಕ್ಷಾಸ್ನಾನದ ದಿನಾಂಕಗಳ ಕಂಬಸಾಲೊಂದನ್ನೇ ಆರಿಸಿ ಜೋಡಿಸಿದ್ದೆ. ಪಕ್ಕದ ಸಾಲುಗಳನ್ನೂ ಸೇರಿಸಬೇಕೇ ಎಂದು ಯಂತ್ರ ಕೇಳಿತ್ತು. ಬೇಡವೆಂದು ಒತ್ತಿದವನು ನಾನೇ. ಹೆಸರುಗಳು ಇದ್ದಲ್ಲಿಯೇ ಇದ್ದವು. ದಿನಾಂಕಗಳು ಮಾತ್ರ ಕೆಳಕೆಳಗೆ ಸರಿದವು. ಕೆಲವರಿಗೆ ವಾರಗಳ, ಕೆಲವರಿಗೆ ತಿಂಗಳುಗಳ ವ್ಯತ್ಯಾಸ. ತಪ್ಪು ಎದ್ದು ಕಾಣದಷ್ಟು ಸಣ್ಣದಾಗಿತ್ತು. ಹಾಗೆಯೇ ಉಳಿಸಿ, ದೀಪವಾರಿಸಿ ಮಲಗಿದೆ. ನಮ್ಮ ಕನ್ನಡಿ ತನ್ನ ಕರ್ತವ್ಯದಲ್ಲಿ ಲೋಪ ಮಾಡಲಿಲ್ಲ. ನನ್ನ ತಪ್ಪನ್ನು ಅದೇ ಕ್ಷಣದಲ್ಲಿ ಎರಡೂ ಡಿಸ್ಕುಗಳ ಮೇಲೆ ಚಾಚೂ ತಪ್ಪದೆ ಬರೆಯಿತು.

ಆ ಮೂರು ತಿಂಗಳಲ್ಲಿ ಹತ್ತೊಂಬತ್ತು ಪ್ರಮಾಣಪತ್ರಗಳನ್ನು ಕೊಟ್ಟಿದ್ದೆ, ಮೂಲ ಪುಸ್ತಕವನ್ನು ತೆರೆಯದೆ. ಹೆಬ್ಬಾಳದ ಕೆಂಪಾಪುರ, ಯಲಹಂಕ ನ್ಯೂ ಟೌನ್, ಯಶವಂತಪುರ ಎಂದು ಮನೆಮನೆಗೆ ಹೋಗಿ ಕ್ಷಮೆ ಕೇಳಿ ಸರಿಯಾದ ಪತ್ರಗಳನ್ನು ಕೊಟ್ಟೆ. ಒಂದು ಪತ್ರ ಕುವೈತಿಗೆ ಹೋಗಿತ್ತು. ಅದರ ಹಿಂದೆ ಇನ್ನೊಂದನ್ನು ಕಳುಹಿಸಿದೆ. ಚಪ್ಪಾಳೆ ಸಿಕ್ಕಿದ ಜಾಗದಲ್ಲಿಯೇ ನಿಂತು, ಮತ್ತೊಂದು ಭಾನುವಾರ, ನಡೆದುದನ್ನು ನಡೆದಂತೆ ಹೇಳಿದೆ.

ಅಂದು ಪೂಜೆಯಾದ ಮೇಲೆ ಆ ನಿವೃತ್ತ ಶಿಕ್ಷಕಿಯವರು ಸಂಕೋಚದಿಂದ ಬಂದರು. "ನಿಮ್ಮ ಅಪ್ಪಣೆ ಕೇಳದೆ 2017ರಲ್ಲಿ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದೆ. ಹದಿನಾಲ್ಕು ತಿಂಗಳ ಶ್ರಮ, ಮನಸ್ಸು ಕೇಳಲಿಲ್ಲ. ತಪ್ಪಾಗಿದ್ದರೆ ಕ್ಷಮಿಸಿ" ಎಂದು ಒಂದು ಹಳೆಯ ಕನ್ನಡಕದ ಡಬ್ಬಿಯಿಂದ ಅದನ್ನು ತೆಗೆದುಕೊಟ್ಟರು. ಯಾರು ಯಾರನ್ನು ಕ್ಷಮಿಸಬೇಕಿತ್ತು! ಆ ಪ್ರತಿಯಿಂದ 2017ರವರೆಗಿನ ಪಟ್ಟಿ ಮರಳಿ ಬಂದಿತು. ನಂತರದ ಐದು ವರ್ಷಗಳ ಹೆಸರುಗಳನ್ನು ಮೂಲ ಪುಸ್ತಕದಿಂದ ನಾನೇ ಕುಳಿತು ಸೇರಿಸಿದೆ. ತಪಸ್ಸುಕಾಲದ ಸಂಜೆಗಳೆಲ್ಲ ಅದಕ್ಕೇ ಮೀಸಲಾದವು.

ಹಾಗೆ ಕುಳಿತಾಗ, ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ತೂಕಡಿಸುತ್ತಾ ಕೇಳಿದ್ದ ಧರ್ಮಸಭಾ ಕಾನೂನಿನ ಪಾಠವೊಂದು ನೆನಪಾಯಿತು. ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. 1917ರ ಕಾನೂನು ಸಂಹಿತೆಯು ಇನ್ನೂ ಮುಂದೆ ಹೋಗಿ, ಧರ್ಮಕೇಂದ್ರದ ಪುಸ್ತಕಗಳ ಅಧಿಕೃತ ಪ್ರತಿಯನ್ನು ಪ್ರತಿ ವರ್ಷದ ಕೊನೆಯಲ್ಲಿ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದಿತು. ಅಂದು ಅದು ನಮಗೆ ಗುಮಾಸ್ತರ ಕೆಲಸವೆಂದು ತೋರಿತ್ತು. ಈಗ ಅದರ ವಿವೇಕ ಕಾಣುತ್ತದೆ. ಆ ಪ್ರತಿ ಇನ್ನೊಂದು ಜಾಗದಲ್ಲಿತ್ತು. ಇನ್ನೊಂದು ಕಾಲದಲ್ಲಿಯೂ ಇತ್ತು. ಇಲ್ಲಿ ಬೆಂಕಿ ಬಿದ್ದರೆ ಅಲ್ಲಿ ಉಳಿಯುತ್ತಿತ್ತು. ಇಂದು ಯಾರಾದರೂ ತಪ್ಪಾಗಿ ತಿದ್ದಿದರೆ, ಕಳೆದ ವರ್ಷದ ಪ್ರತಿ ತಿದ್ದದೆಯೇ ಉಳಿದಿರುತ್ತಿತ್ತು. ಕನ್ನಡಿಗೆ ಇವೆರಡೂ ಇಲ್ಲ. ಅದು ನಮ್ಮ ಎದುರಿಗೇ ಇರುತ್ತದೆ, ಈ ಕ್ಷಣವನ್ನಷ್ಟೇ ತೋರಿಸುತ್ತದೆ. ಒಂದು ಡಿಸ್ಕಿನ ಸಾವಿನಿಂದ ಅದು ನಮ್ಮನ್ನು ಕಾಪಾಡಬಲ್ಲುದು. ಬೆಂಕಿ, ಕಳ್ಳತನ, ವೈರಸ್ ಮತ್ತು ನಮ್ಮದೇ ಕೈ, ಇವುಗಳಿಂದ ಕಾಪಾಡಲಾರದು. ಕನ್ನಡಿಯೊಳಗಿನ ಗಂಟು ಕೈಗೆ ದಕ್ಕದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ಪೆಟ್ಟಿಗೆಯನ್ನು ನಾನು ಕಿತ್ತುಹಾಕಿಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಅದರ ಜೊತೆಗೆ, ತಿಂಗಳ ಮೊದಲ ಶುಕ್ರವಾರ ಪಟ್ಟಿಯ ಪ್ರತಿಯೊಂದನ್ನು, ಹಿಂದಿನ ತಿಂಗಳದ್ದನ್ನು ಅಳಿಸದೆ, ಗುಪ್ತಪದದೊಂದಿಗೆ ಬೇರೊಂದು ಡಿಸ್ಕಿಗೆ ಇಳಿಸಿ, ಮತ್ತೊಂದು ಕಟ್ಟಡದ ಬೀರುವಿನಲ್ಲಿ ಇರಿಸುತ್ತೇವೆ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದಾದರೂ ದೂರದಲ್ಲಿ ಎಂಬ ಸೂತ್ರವನ್ನು ಬಳಕೆಗೆ ತಂದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಮೂಲ ಪುಸ್ತಕವನ್ನು ತೆರೆದು ನೋಡುವುದು ನಾನೇ ಹಾಕಿಕೊಂಡ ನಿಯಮ. ನೀವು ಬಂದಾಗ ಐದು ನಿಮಿಷ ಹೆಚ್ಚು ಕಾಯಬೇಕಾಗಬಹುದು. ದಯವಿಟ್ಟು ಕಾಯಿರಿ.

ಓದುಗರೇ, ನಿಮ್ಮ ಮನೆಗಳಲ್ಲಿಯೂ ಇಂತಹ ಕನ್ನಡಿಗಳಿವೆ. ಮಗುವಿನ ಮೊದಲ ಹೆಜ್ಜೆ, ತೀರಿಹೋದ ತಂದೆಯ ಧ್ವನಿ, ಮನೆಯ ಪತ್ರಗಳು ಎಲ್ಲವೂ ಫೋನಿನಲ್ಲಿವೆ, ಕ್ಲೌಡ್‌ನಲ್ಲಿಯೂ ಇವೆ ಎಂದು ನೀವು ನಿಶ್ಚಿಂತರಾಗಿರಬಹುದು. ಅನೇಕ ವ್ಯವಸ್ಥೆಗಳಲ್ಲಿ ಫೋನಿನಿಂದ ಅಳಿಸಿದ್ದು ಅಲ್ಲಿಂದಲೂ ಅಳಿಯುತ್ತದೆ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಂದು ಪ್ರತಿಯನ್ನು ಬೇರೆಯಾಗಿ ತೆಗೆದು, ತವರುಮನೆಯಲ್ಲೋ ಅಣ್ಣನ ಮನೆಯಲ್ಲೋ ಇರಿಸಿ. ನಮ್ಮಿಂದ ಪಡೆದ ಪ್ರಮಾಣಪತ್ರವನ್ನೂ ಒಮ್ಮೆ ಹೊರತೆಗೆದು ಓದಿ. ಅದರಲ್ಲಿರುವ ದಿನಾಂಕ ನಿಮ್ಮ ತಾಯಿಯ ನೆನಪಿಗೆ ಹೊಂದದಿದ್ದರೆ, ಸಂಕೋಚಪಡದೆ ಕಚೇರಿಗೆ ಬನ್ನಿ. ಪುಸ್ತಕವನ್ನು ತೆರೆದು ಒಟ್ಟಿಗೆ ನೋಡೋಣ.